ವಾಹಕತೆ ಪರೀಕ್ಷಿಸುವ ಕಿಟ್: ಸಾಮಾನು ಚೆನ್ನಾಗಿದೆ, ಚಾರ್ಟ್ ನಂಬಬೇಡಿ (3 ಸ್ಟಾರ್)

ಹತ್ತನೇ ತರಗತಿಗೆ ವಿಜ್ಞಾನ ಹೇಳುವ ಮೇಷ್ಟ್ರು ನಾನು. ಅಯಾನಿಕ್ ಸಂಯುಕ್ತ (ವಿದ್ಯುದಾವೇಶವಿರುವ ಕಣಗಳು, ಅಂದರೆ ಅಯಾನುಗಳು, ಸೇರಿ ಆದದ್ದು), ಸಹವೇಲೆನ್ಸೀಯ ಸಂಯುಕ್ತ (ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಆದದ್ದು) ಅಂತ ಬೋರ್ಡ್ ಮೇಲೆ ಎಲೆಕ್ಟ್ರಾನ್ ತೋರಿಸಲು ಎಷ್ಟು ಚುಕ್ಕಿ ಇಟ್ಟರೂ ಮಕ್ಕಳಿಗೆ ಅದು ಚುಕ್ಕಿಯಾಗಿಯೇ ಉಳಿಯುತ್ತೆ. ಹಾಗಾಗಿ ಈ ಕಿಟ್ ತರಿಸಿದೆ. 9 ವೋಲ್ಟ್ ಬ್ಯಾಟರಿ, ಎಲ್‌ಇಡಿ, ಎರಡು ಕಾರ್ಬನ್ ಕಡ್ಡಿ, ಪುಟ್ಟ ಬೀಕರ್‌ಗಳು, ಉದ್ದ ಹಿಡಿಯ ಸ್ಟೀಲ್ ಚಮಚ, ಜೊತೆಗೊಂದು ಚಾರ್ಟ್. ಕಡ್ಡಿ ಅದ್ದಿದ ದ್ರಾವಣದಲ್ಲಿ ಸಾಕಷ್ಟು ಅಯಾನುಗಳಿದ್ದರೆ ವಿದ್ಯುತ್ ಹರಿದು ಎಲ್‌ಇಡಿ ದೀಪ ಹತ್ತುತ್ತೆ. ತಾಮ್ರದ ತಂತಿ ಬಿಟ್ಟು ಕಾರ್ಬನ್ ಕಡ್ಡಿ ಕೊಟ್ಟಿದ್ದು ಒಳ್ಳೇದಾಯಿತು. ತಾಮ್ರವಾದರೆ ಉಪ್ಪುನೀರಿನಲ್ಲಿ ತಾನೇ ಸವೆಯುತ್ತೆ.

ತಕರಾರಿರುವುದು ಚಾರ್ಟಿನದು. ‘ನೀರಿನಲ್ಲಿ ಕರಗಿಸಿ’ ಅಂತಷ್ಟೇ ಬರೆದಿದ್ದಾರೆ. ನಮ್ಮ ಬೋರ್‌ವೆಲ್ ನೀರಿಗೆ ಏನೂ ಹಾಕದೆ ಕಡ್ಡಿ ಅದ್ದಿದರೂ ದೀಪ ಮಿಣುಕುತ್ತೆ. ಆ ಲೆಕ್ಕದಲ್ಲಿ ಸಕ್ಕರೆಯೂ ಅಯಾನಿಕ್ಕೇ! ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತನ್ನಿ. ಅದರಲ್ಲಿ ಉಪ್ಪು ಹಾಕಿದರೆ ದೀಪ ಝಗ್ಗನೆ ಹತ್ತುತ್ತೆ, ಸಕ್ಕರೆ ಹಾಕಿದರೆ ಇಲ್ಲ.

ಇನ್ನೊಂದು ತಪ್ಪಂತೂ ಕ್ಷಮಿಸುವಂಥದ್ದಲ್ಲ. ದೀಪ ಹತ್ತುತ್ತದೆಂದು ವಿನೆಗರನ್ನು ಅಯಾನಿಕ್ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಸಹವೇಲೆನ್ಸೀಯ. ನೀರಿಗೆ ಬಿದ್ದ ಮೇಲೆ ಅದರ ಅಣುಗಳಲ್ಲಿ ಸ್ವಲ್ಪವೇ ಸ್ವಲ್ಪ ಒಡೆದು ಅಯಾನುಗಳಾಗುತ್ತವೆ, ದೀಪ ಮಂಕಾಗಿ ಉರಿಯುವುದೂ ಅದಕ್ಕೇ. ದ್ರಾವಣದಲ್ಲಿ ವಿದ್ಯುತ್ ಹರಿದ ಮಾತ್ರಕ್ಕೆ ತೀರ್ಪು ಕೊಡಬಾರದು ಅನ್ನುವುದನ್ನೇ ಈ ಪಾಠದಲ್ಲಿ ಕಲಿಸಬೇಕಿರುವುದು.

ಕಿಟ್‌ನಲ್ಲಿಲ್ಲದ ಎರಡು ವಸ್ತು ನಮ್ಮ ತರಗತಿಯಲ್ಲಿ ಗೆದ್ದವು: ಗೊಬ್ಬರದ ಅಂಗಡಿಯ ಯೂರಿಯಾ ಮತ್ತು ಪೊಟ್ಯಾಷ್. ‘ಎರಡೂ ಗೊಬ್ಬರಾನೇ ಅಲ್ವಾ ಸಾರ್, ಎರಡೂ ಉಪ್ಪೇ’ ಅಂದ ಹುಡುಗನ ಕೈಗೇ ಕಡ್ಡಿ ಕೊಟ್ಟೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ದೀಪ ಹತ್ತಿತು. ಯೂರಿಯಾ ಚೆನ್ನಾಗಿ ಕರಗಿತು, ಬೀಕರ್ ಮುಟ್ಟಿದರೆ ತಣ್ಣಗಾಗಿತ್ತು, ದೀಪ ಮಾತ್ರ ಹತ್ತಲಿಲ್ಲ. ಕಾರ್ಬನ್, ಆಮ್ಲಜನಕ, ನೈಟ್ರೋಜನ್, ಹೈಡ್ರೋಜನ್ ಎಲ್ಲವೂ ಎಲೆಕ್ಟ್ರಾನ್ ಹಂಚಿಕೊಂಡು ಕೂತಿರುವಾಗ ಅಲ್ಲಿ ಅಯಾನು ಎಲ್ಲಿಂದ ಬರಬೇಕು?

ಚಮಚದ ಉಪಯೋಗ ಕಾಯಿಸಿ ನೋಡುವುದಕ್ಕೆ: ಉಪ್ಪಿನಂಥ ಅಯಾನಿಕ್ ಸಂಯುಕ್ತ ಕರಗಲು ತುಂಬಾ ಬಿಸಿ ಬೇಕು, ಸಕ್ಕರೆಯಂಥ ಸಹವೇಲೆನ್ಸೀಯಕ್ಕೆ ಕಡಿಮೆ ಸಾಕು. ಸ್ಪಿರಿಟ್ ಲ್ಯಾಂಪ್ ಮೇಲೆ ಸಕ್ಕರೆ ಕರಗಿ ಕಂದಾಗುತ್ತೆ, ಉಪ್ಪಿನ ಹರಳು ಪಟಪಟ ಸಿಡಿದು ಹಾಗೇ ಕೂತಿರುತ್ತೆ. ಉಪ್ಪನ್ನು ಕಾಯಿಸಿಯೇ ‘ಕರಗಿಸಿ ಕಡ್ಡಿ ಇಡಿ’ ಅಂತ ಚಾರ್ಟ್ ಹೇಳುತ್ತೆ. ಉಪ್ಪು ಕರಗುವುದು 801 ಡಿಗ್ರಿ ಸೆಲ್ಸಿಯಸ್‌ಗೆ, ಈ ಸ್ಪಿರಿಟ್ ಲ್ಯಾಂಪ್ ಮೇಲೆ ಚಮಚ ಹಿಡಿದರೆ ಆಗುವ ಕೆಲಸವಲ್ಲ. ಯೂರಿಯಾ 133 ಡಿಗ್ರಿಗೇ ಕರಗಿ ದ್ರವವಾಗುತ್ತೆ. ಅಲ್ಲಿಗೇ ಉರಿ ತೆಗೆಯಿರಿ, ಇನ್ನೂ ಕಾಯಿಸಿದರೆ ಅಮೋನಿಯಾ ಮೂಗಿಗೆ ಹೊಡೆಯುತ್ತೆ. ಕಿಟಕಿಯಂತೂ ಮೊದಲೇ ತೆಗೆದಿಡಿ.