ಆರು ಬಣ್ಣದ ಕಾಂಟೂರ್ ಪ್ಯಾಲೆಟ್: ಕಾರವಾರದ ಸೆಕೆಯಲ್ಲಿ ವರ್ಷ ದಾಟಿದ ಮೇಲೆ

ಈ ಪೌಡರ್ ಪ್ಯಾಲೆಟ್‌ನಲ್ಲಿ ಆರು ಬಣ್ಣ ಇದ್ದರೂ ನನ್ನ ಕೆಲಸಕ್ಕೆ ಬಂದದ್ದು ಎರಡೇ. ಹಾಗಂತ ದುಡ್ಡು ದಂಡ ಅನ್ನಲಾರೆ. ಮುಖಕ್ಕೆ ನೆರಳು-ಬೆಳಕು ಕೊಡುವುದನ್ನು ಇದರಲ್ಲೇ ಕಲಿತೆ.

ಕಾಂಟೂರ್ ಎಂದರೆ ನೆರಳು. ನೆರಳಿಗೆ ಮಿನುಗೂ ಇರಬಾರದು, ಕೆಂಪೂ ಇರಬಾರದು. ಇದರಲ್ಲಿರುವ ಎರಡು ಕಂದು ಬಣ್ಣ ಅಸಲಿಗೆ ಬ್ರಾಂಜರ್, ಅಂದರೆ ಮುಖಕ್ಕೆ ಬಿಸಿಲು ಬಡಿದ ಕಳೆ ಕೊಡುವ ಕೆಂಪು ಬೆರೆತ ಪುಡಿ. ಕೆನ್ನೆಯ ಕೆಳಗೆ ಹಚ್ಚಿದರೆ ಇಟ್ಟಿಗೆ ಪುಡಿ ಮೆತ್ತಿದ ಹಾಗೆ ಕಾಣುತ್ತದೆ. ಮೂಲೆಯಲ್ಲಿರುವ ಬೂದುಗಂದು ಮಾತ್ರ ಸರಿಯಾದದ್ದು. ಗೋಧಿ ಬಣ್ಣದ ನನಗೆ ಅದು ಎರಡು ಛಾಯೆ ಗಾಢ, ಬೇಕಾದಷ್ಟೇ. ನನಗಿಂತ ಕಪ್ಪಗಿರುವ ನಾದಿನಿಗೆ ಹಚ್ಚಿದರೆ ಹಚ್ಚಿದ್ದೇ ಗೊತ್ತಾಗುವುದಿಲ್ಲ. ಎಲ್ಲ ಮೈಬಣ್ಣಕ್ಕೂ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದವರು ನಮ್ಮ ಕರಾವಳಿಯ ಮುಖಗಳನ್ನು ನೋಡಿದಂತಿಲ್ಲ.

ಹೊಸದಾಗಿ ಕಲಿಯುವವರು ಕೆನ್ನೆಮೂಳೆಯ ಕೆಳಗಿನ ತಗ್ಗನ್ನು ಬೆರಳಿನಿಂದ ಮುಟ್ಟಿ ಹುಡುಕಿ. ಕಿವಿಯ ಹತ್ತಿರ ಶುರುಮಾಡಿ ಬಾಯಿಯ ದಿಕ್ಕಿಗೆ ಬನ್ನಿ, ಕಣ್ಣಿನ ಹೊರತುದಿಯ ನೇರಕ್ಕೆ ನಿಲ್ಲಿಸಿ. ಉಜ್ಜುವುದು ಮೇಲ್ಮುಖವಾಗಿ, ಕೆಳಗೆ ಎಳೆದರೆ ಕೆನ್ನೆ ಜೋತುಬಿದ್ದಂತೆ ಕಾಣುತ್ತದೆ. ಆಮೇಲೆ ಹಣೆಯ ಅಂಚು, ದವಡೆಯ ಕೆಳಗೆ ಸ್ವಲ್ಪ. ಮೂಗಿನ ಪಕ್ಕದ ಗೆರೆ ಕೈ ಪಳಗುವ ತನಕ ಬೇಡ. ಜೊತೆಗೆ ಬಂದ ಬ್ರಷ್‌ನ ಕೂದಲು ತುಂಬ ದಟ್ಟ, ಒಂದೇ ಕಡೆ ಬಣ್ಣ ಗುಪ್ಪೆಯಾಗುತ್ತದೆ. ಓರೆ ತುದಿಯ, ಸಡಿಲ ಕೂದಲಿನ ಬ್ರಷ್ ಬೇರೆ ತೆಗೆದುಕೊಳ್ಳಿ. ಕನ್ನಡಿಯನ್ನು ಟ್ಯೂಬ್‌ಲೈಟ್ ಕೆಳಗಲ್ಲ, ಕಿಟಕಿಯ ಬೆಳಕು ನಿಮ್ಮ ಮುಖಕ್ಕೆ ಬೀಳುವಂತೆ ಇಟ್ಟುಕೊಳ್ಳಿ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದು ಬಯಲಿನ ತುದಿಯಲ್ಲಿ ಕೂತವನಿಗೂ ಕಾಣಲಿ ಎಂದು; ಇದು ಎದುರಿಗೆ ನಿಂತವಳಿಗೂ ಗೊತ್ತಾಗಬಾರದು.

ಇನ್ನು ಸೆಕೆಯ ವಿಷಯ. ಮೇ ತಿಂಗಳ ಮದುವೆಗೆ ಕ್ರೀಮ್ ಕಾಂಟೂರ್ ಹಚ್ಚಿ ನೋಡಿದ್ದೇನೆ, ಊಟದ ಪಂಕ್ತಿಗೆ ಕೂರುವಷ್ಟರಲ್ಲಿ ಕುತ್ತಿಗೆಗೆ ಇಳಿದಿತ್ತು. ಈ ಪೌಡರ್ ಹಾಗಲ್ಲ, ಟಿಶ್ಯೂ ಒತ್ತಿ ಬೆವರು ತೆಗೆದರೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಲೆಕ್ಕ ತಿರುಗುಮುರುಗು. ಡಿಸೆಂಬರ್ ಚಳಿಗೆ ಒಡೆದ ಚರ್ಮದ ಮೇಲೆ ಪೌಡರ್ ತೇಪೆ ತೇಪೆಯಾಗಿ ನಿಂತಿತು. ಅಲ್ಲಿ ಕ್ರೀಮೇ ಚೆನ್ನ. ಎರಡೂ ಹಚ್ಚುವುದಾದರೆ ಕ್ರೀಮ್ ಮೊದಲು, ಪೌಡರ್ ಮೇಲೆ. ತಿರುಗಿಸಿದರೆ ಗಂಟು ಕಟ್ಟುತ್ತದೆ.

ಬೆಳಕು ಬಿದ್ದಂತೆ ಹೊಳಪು ಕೊಡುವ ಹೈಲೈಟರ್ ಎರಡಿವೆ. ಮುತ್ತಿನ ಬಣ್ಣದ್ದು ಫ್ಲ್ಯಾಶ್ ಬಿದ್ದರೆ ಬಿಳಿ ಮಚ್ಚೆಯೇ. ಬಂಗಾರದ ಛಾಯೆಯದು ನಮ್ಮ ಮೈಬಣ್ಣಕ್ಕೆ ಒಪ್ಪುತ್ತದೆ. ಕೆನ್ನೆಮೂಳೆಯ ಮೇಲೆ, ಮೇಲ್ದುಟಿಯ ನಡುವಿನ ಬಾಗಿನಲ್ಲಿ ಬೆರಳ ತುದಿಯಷ್ಟು ಸಾಕು. ಬೇಸಿಗೆಯಲ್ಲಿ ಅದೂ ಬೇಡ, ಹತ್ತು ಗಂಟೆಯ ಹೊತ್ತಿಗೆ ಹೊಳಪು ತಾನಾಗಿಯೇ ಬರುತ್ತದೆ!

ಮಳೆಗಾಲದಲ್ಲಿ ಪುಡಿಯ ಮೇಲೆ ಗಟ್ಟಿ ಪದರ ಕಟ್ಟಿತು. ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಹೋಗುತ್ತದೆ. ಈಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಮುಚ್ಚಳದ ತಿರುಗಣಿ ಸಡಿಲವಾಗಿದೆ, ಕನ್ನಡಿ ಗಟ್ಟಿಯಾಗಿದೆ. ತೆರೆದ ಡಬ್ಬಿಯ ಚಿತ್ರದಲ್ಲಿ 24 ತಿಂಗಳು ಎಂದಿದೆ, ಅಂದರೆ ತೆರೆದ ಮೇಲೆ ಅಷ್ಟು ಕಾಲ ಬಳಸಬಹುದು. ಅಷ್ಟರವರೆಗೆ ಬೂದುಗಂದು ಉಳಿಯುವುದಿಲ್ಲ, ಈಗಲೇ ತಗಡಿನ ತಳ ಕಾಣುತ್ತಿದೆ. ಬ್ರಾಂಜರ್‌ಗಳು ಹೊಸದರಂತೆಯೇ ಕೂತಿವೆ. ಆ ಒಂದು ಬಣ್ಣವನ್ನು ಬಿಡಿಯಾಗಿ ಮಾರಿದರೆ ನಾಳೆಯೇ ಕೊಳ್ಳುತ್ತೇನೆ, ಪೂರ್ತಿ ಪ್ಯಾಲೆಟ್ ಮತ್ತೆ ಕೊಳ್ಳುವುದಿಲ್ಲ. ಐದಕ್ಕೆ ಮೂರು.