ಪುಡಿ ಡಬ್ಬಿ ನಂಬಿ ನಾಲ್ಕು ತಿಂಗಳು ಕಳೆದೆ

ನಿಮ್ಮ ನಾಯಿ ಕುಂಟುತ್ತಿದ್ದು, ಕೀಲಿಗೆ ಒಳ್ಳೆಯದು ಅಂತ ಮಾರುವ ಕೊಲಾಜೆನ್ ಪುಡಿಗಳಲ್ಲಿ ಯಾವುದು ಒಳ್ಳೆಯದು ಅಂತ ಹುಡುಕುತ್ತಿದ್ದರೆ, ದುಡ್ಡು ಕೊಡುವ ಮೊದಲು ನನ್ನ ಕಥೆ ಕೇಳಿ.

ಚಿನ್ನಿ ಏಳು ವರ್ಷದ ಲ್ಯಾಬ್ರಡಾರ್. ಒಂದು ಬೆಳಿಗ್ಗೆ ಎದ್ದವಳು ಬಲಗಡೆಯ ಹಿಂಗಾಲನ್ನು ಪೂರ್ತಿ ಊರದೆ, ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ನಾಲ್ಕು ಹೆಜ್ಜೆ ಹಾಕಿದಳು. ಆಮೇಲೆ ಏನೂ ಆಗದವಳಂತೆ ಓಡಾಡಿದಳು. ವಯಸ್ಸಾಯ್ತಲ್ಲ, ಕೀಲುನೋವು ಇರಬೇಕು ಅಂದುಕೊಂಡೆ. ಡಾಕ್ಟರ್ ಹತ್ತಿರ ಹೋಗಲಿಲ್ಲ. ಡಬ್ಬಿ ತರಿಸಿದೆ.

ದಿನಾ ಊಟದ ಮೇಲೆ ಒಂದು ಸ್ಕೂಪ್. ಚಿನ್ನಿಗೆ ಆ ವಾಸನೆ ಎಷ್ಟು ಇಷ್ಟವಾಯಿತೆಂದರೆ, ಮುಚ್ಚಳ ತಿರುಗಿಸುವ ಸದ್ದಿಗೇ ಓಡಿಬರುತ್ತಿದ್ದಳು. ಅವಳು ಓಡಿಬಂದದ್ದನ್ನೇ ನಾನು ಗುಣವಾಗುತ್ತಿರುವ ಗುರುತು ಅಂದುಕೊಂಡೆ! ಚೆನ್ನಾಗಿ ನಡೆದ ದಿನ ಪುಡಿ ಕೆಲಸ ಮಾಡ್ತಿದೆ ಅನ್ನುತ್ತಿದ್ದೆ. ಕುಂಟಿದ ದಿನ ಚಳಿ ಜಾಸ್ತಿ ಅನ್ನುತ್ತಿದ್ದೆ. ಇದು ನನ್ನೊಬ್ಬಳ ದಡ್ಡತನ ಅಲ್ಲವಂತೆ. ಔಷಧವೇ ಇಲ್ಲದ ಗುಳಿಗೆ ಕೊಟ್ಟಾಗಲೂ ಸಾಕಿದವರ ಕಣ್ಣಿಗೆ ನಾಯಿ ಸುಧಾರಿಸಿದಂತೆ ಕಾಣುತ್ತದೆ ಎಂದು ಆಮೇಲೆ ಡಾಕ್ಟರ್ ಹೇಳಿದರು.

ನಡುವೆ ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಡಬ್ಬಿ ಖಾಲಿಯಾಗಿತ್ತು. ಅಕ್ಕ ತನಗೆಂದು ತಂದಿಟ್ಟಿದ್ದ ಕೊಲಾಜೆನ್ ಪುಡಿಯನ್ನೇ ಹಾಕೋಣ ಅಂತ ಸ್ಕೂಪ್ ಎತ್ತಿದ್ದೆ. ಸುಮ್ನೆ ಲೇಬಲ್ ನೋಡಿದರೆ, ಸಿಹಿಗೆ ಕ್ಸೈಲಿಟಾಲ್ ಹಾಕಿದ್ದಾರೆ. ನಮಗೆ ಅದು ಸಕ್ಕರೆ ಬದಲಿ, ನಾಯಿಗೆ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ರಕ್ತದ ಸಕ್ಕರೆ ದಬಕ್ಕನೆ ಇಳಿಯುತ್ತದೆ, ಜಾಸ್ತಿಯಾದರೆ ಲಿವರ್ರೇ ಹೋಗುತ್ತದೆ. ಮನುಷ್ಯರ ಡಬ್ಬಿಯನ್ನು ನಾಯಿಯ ತಟ್ಟೆಯ ಹತ್ತಿರಕ್ಕೂ ತರಬೇಡಿ.

ನಾಲ್ಕನೇ ತಿಂಗಳಲ್ಲಿ ಚಿನ್ನಿ ಕೂರುವ ರೀತಿಯೇ ಬದಲಾಯಿತು. ಎರಡೂ ಕಾಲು ಮಡಚಿ ನೆಟ್ಟಗೆ ಕೂರುತ್ತಿದ್ದವಳು ಬಲಗಾಲನ್ನು ಪಕ್ಕಕ್ಕೆ ಚಾಚಿಕೊಂಡು ಕೂರತೊಡಗಿದಳು. ಆಗ ಹೋದೆ. ಡಾಕ್ಟರ್ ಮೊದಲು ಅವಳ ಎರಡೂ ತೊಡೆಗಳನ್ನು ಎರಡು ಕೈಯಲ್ಲಿ ಹಿಡಿದು, ನನ್ನನ್ನೂ ಹಿಡಿದು ನೋಡಿ ಅಂದರು. ಬಲತೊಡೆ ಸೊರಗಿ ಹೋಗಿತ್ತು. ದಿನಾ ಮೈ ಸವರುವ ನನಗೇ ಅದು ಗೊತ್ತಾಗಿರಲಿಲ್ಲ. ಮಂಡಿಯ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಒತ್ತಿದಾಗ ಕೆಳಗಿನ ಮೂಳೆ ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ಜಾರಿತು. ಮಂಡಿಯೊಳಗೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದಿತ್ತು. ನಾಯಿಗಳಲ್ಲಿ ಇದು ಒಂದೇ ಏಟಿಗೆ ಹರಿಯುವುದಕ್ಕಿಂತ ನಿಧಾನಕ್ಕೆ ಸವೆದು ಹರಿಯುವುದೇ ಹೆಚ್ಚಂತೆ. ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಭಾಗವೂ ಜಜ್ಜಿತ್ತು. ಎಕ್ಸ್‌ರೇಯಲ್ಲಿ ಸಂಧಿವಾತ ಆಗಲೇ ಶುರುವಾಗಿತ್ತು.

"ಕೊಲಾಜೆನ್ ಕೊಡ್ತಿದ್ದೆ ಡಾಕ್ಟ್ರೇ" ಅಂದೆ. ಬೈಯ್ಯಲಿಲ್ಲ ಅವರು. ಕೊಲಾಜೆನ್ ಅಂದರೆ ಪ್ರೋಟೀನ್, ಹೊಟ್ಟೆಗೆ ಹೋದಮೇಲೆ ಚೂರು ಚೂರಾಗಿ ಜೀರ್ಣವಾಗುತ್ತದೆ, ಅದು ನೆಟ್ಟಗೆ ಮಂಡಿಗೆ ಹೋಗಿ ಹರಿದದ್ದನ್ನು ಹೊಲಿಯುವುದಿಲ್ಲ ಅಂದರು. ಪೂರ್ತಿ ದಂಡ ಅಂತಲೂ ಅನ್ನಲಿಲ್ಲ. ಬಿಸಿ ಮಾಡಿ ಒಡೆಯದೆ ಹಾಗೇ ಉಳಿಸಿದ ಟೈಪ್ 2 ಕೊಲಾಜೆನ್ ಅಂತ ಒಂದಿದೆ. ದಿನಕ್ಕೆ 40 ಮಿಲಿಗ್ರಾಂನಷ್ಟು ಕೊಟ್ಟು ನೋಡಿದ ಕೆಲವು ಸಣ್ಣ ಅಧ್ಯಯನಗಳಲ್ಲಿ ಸಂಧಿವಾತದ ನಾಯಿಗಳ ಕುಂಟು ಸ್ವಲ್ಪ ಕಡಿಮೆಯಾಗಿದೆ. ಅದು ಕೀಲಿಗೆ ಸಾಮಾನು ಒದಗಿಸುವುದಿಲ್ಲ, ಕೀಲಿನ ಮೇಲೆ ತಿರುಗಿಬಿದ್ದ ರೋಗನಿರೋಧಕ ಶಕ್ತಿಯನ್ನು ಸಮಾಧಾನ ಮಾಡುತ್ತದೆ ಎಂಬುದು ಲೆಕ್ಕ. ನಾನು ಸ್ಕೂಪ್‌ಗಟ್ಟಲೆ ಸುರಿದದ್ದು ಬೇರೆಯದೇ, ಒಡೆದ ಕೊಲಾಜೆನ್. ಡಬ್ಬಿಯ ಮೇಲೆ ಎರಡಕ್ಕೂ ದೊಡ್ಡಕ್ಷರದಲ್ಲಿ ಒಂದೇ ಹೆಸರು.

ಸಂಧಿವಾತಕ್ಕೆ ಇದಕ್ಕಿಂತ ಗಟ್ಟಿ ಉಪಾಯ ತೂಕ ಇಳಿಸುವುದು, ಅದಕ್ಕೆ ಪೈಸೆ ಖರ್ಚಿಲ್ಲ ಅಂದರು. ಮೀನೆಣ್ಣೆಗೂ ಕೊಲಾಜೆನ್‌ಗಿಂತ ಒಳ್ಳೆಯ ಆಧಾರ ಇದೆಯಂತೆ. ಚಿನ್ನಿ ಆಗ ಇರಬೇಕಾದ್ದಕ್ಕಿಂತ ನಾಲ್ಕು ಕಿಲೋ ಜಾಸ್ತಿ ಇದ್ದಳು. ದಿನಾ ಹಾಕುತ್ತಿದ್ದ ಸ್ಕೂಪ್‌ನಲ್ಲೂ ಕ್ಯಾಲೊರಿ ಇತ್ತಲ್ವಾ!

ಬೆಕ್ಕು ಸಾಕಿದವರಿಗೆ ಒಂದು ಮಾತು. ಬೆಕ್ಕು ಕುಂಟುವುದೇ ಅಪರೂಪ. ಎತ್ತರಕ್ಕೆ ನೆಗೆಯುವುದನ್ನು ಬಿಟ್ಟರೆ ಅದೇ ನೋವಿನ ಸುಳಿವು. ಪುಡಿ ಹಾಕಿ ಕಾಯಬೇಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಆಪರೇಷನ್ ಆಯಿತು. ಮೂಳೆ ಕತ್ತರಿಸಿ, ಅದರ ಇಳಿಜಾರು ಬದಲಿಸಿ, ಪ್ಲೇಟು ಹಾಕಿ ಕೂರಿಸಿದರು. ಎರಡು ತಿಂಗಳಿಗೂ ಹೆಚ್ಚು ಕಾಲ ಹಗ್ಗ ಹಿಡಿದೇ ನಡೆಸಿದೆ. ಓಟ ಇಲ್ಲ, ಮೆಟ್ಟಿಲು ಇಲ್ಲ. ಲಿಗಮೆಂಟ್ ಕಥೆ ಮುಗಿಯಿತು, ಸಂಧಿವಾತ ಮಾತ್ರ ಉಳಿಯಿತು. ಬೇಗ ಬಂದಿದ್ದರೆ ಇಷ್ಟಾಗುತ್ತಿತ್ತಾ ಅಂತ ಕೇಳಿದೆ. "ಸ್ನಾಯು ಇಷ್ಟು ಸೊರಗುತ್ತಿರಲಿಲ್ಲ" ಅಂದು ಮಾತು ಅಲ್ಲಿಗೇ ನಿಲ್ಲಿಸಿದರು.

ಒಂದು ಕಾಲಿನ ಲಿಗಮೆಂಟ್ ಹೋದ ಎಷ್ಟೋ ನಾಯಿಗಳಿಗೆ ಮುಂದೆ ಇನ್ನೊಂದು ಕಾಲಿನದೂ ಹೋಗುತ್ತದಂತೆ. ಈಗ ಚಿನ್ನಿ ಕೂರುವಾಗಲೆಲ್ಲ ನನ್ನ ಕಣ್ಣು ಎಡಗಾಲಿನ ಮೇಲೆ.