ಗಡಿ ದಾಟುವ ಉಪನಗರ ರೈಲು: ಹಣ ಹೊಂದಿಸುವ ಮೂರು ದಾರಿಗಳು

ಬೆಂಗಳೂರಿನ ಉಪನಗರ ರೈಲನ್ನು ತಮಿಳುನಾಡಿನ ಹೊಸೂರಿಗೆ ಒಯ್ಯಲು ಯಾವ ಹಣಕಾಸು ವ್ಯವಸ್ಥೆ ಸೂಕ್ತವೆಂಬುದು ಹಳಿ, ಹಣ ಎರಡರ ಸ್ಥಿತಿಯನ್ನೂ ಅವಲಂಬಿಸಿದೆ. ಆರಂಭಿಕ ವೆಚ್ಚದಲ್ಲಿ ಹಗುರವಾದದ್ದು, ಅಮೆರಿಕದ ಫಿಲಡೆಲ್ಫಿಯಾದ ಸೆಪ್ಟಾ ಸಾರಿಗೆ ಸಂಸ್ಥೆಗೆ ಹಣ ತೆತ್ತು ತನ್ನ ವಿಲ್ಮಿಂಗ್ಟನ್ ನಗರಕ್ಕೆ ರೈಲು ಪಡೆಯುವ ಡೆಲವೇರ್ ರಾಜ್ಯದ ಗುತ್ತಿಗೆ ಪದ್ಧತಿ. ಇದ್ದ ಹಳಿಯಲ್ಲೇ ಓಡಿಸುವಾಗ ಇದು ಸಾಕು, ಆದರೆ ಸೇವೆ ಉಳಿಯಲು ಹಣ ತೆರುವ ರಾಜ್ಯದ ವಾರ್ಷಿಕ ಬಜೆಟ್ಟನ್ನೇ ನೆಚ್ಚಬೇಕು. ವಾರ್ಷಿಕ ಅನುದಾನ ಕಷ್ಟವಾಗಿ ಬಂಡವಾಳ ನಿಧಿ ಸಿಗುವ ರಾಜ್ಯಕ್ಕೆ ಅಮೆರಿಕದ ಇನ್ನೊಂದು ರಾಜ್ಯವಾದ ರೋಡ್ ಐಲೆಂಡ್‌ನ ದಾರಿ ಮೇಲು: 1988ರ ಒಪ್ಪಂದದಂತೆ ಅದು ಬಂಡವಾಳ ನೆರವು ಕೊಟ್ಟು, ಬಾಸ್ಟನ್ನಿನ ಸಾರಿಗೆ ಸಂಸ್ಥೆಯಿಂದ ತನ್ನ ರಾಜಧಾನಿ ಪ್ರಾವಿಡೆನ್ಸ್‌ಗೆ ಸೇವೆ ಪಡೆಯಿತು.

ಹೊಸ ಮಾರ್ಗವನ್ನೇ ಕಟ್ಟುವುದಾದರೆ, ಕೇಂದ್ರದ ಶೇ 50 ಮತ್ತು ದೆಹಲಿ ಸೇರಿ ನಾಲ್ಕು ರಾಜ್ಯಗಳ ತಲಾ ಶೇ 12.5 ಪಾಲಿರುವ, ದೆಹಲಿ–ಮೀರತ್ ಮಾರ್ಗ ನಿರ್ಮಿಸಿದ ರಾಷ್ಟ್ರ ರಾಜಧಾನಿ ಪ್ರದೇಶ ಸಾರಿಗೆ ನಿಗಮದಂಥ (ಎನ್‌ಸಿಆರ್‌ಟಿಸಿ) ಜಂಟಿ ಕಂಪನಿಯೇ ಗಟ್ಟಿ. ಅಲ್ಲಿಯೂ ದೆಹಲಿ ಸರ್ಕಾರದ ಪಾಲಿನ ಹಣಕ್ಕಾಗಿ 2023ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ಹೊಸೂರಿಗೆ ಹಳಿ ಈಗಾಗಲೇ ಇರುವುದರಿಂದ, ಪ್ರತ್ಯೇಕ ಜೋಡಿ ಹಳಿ ಬೇಕೆನಿಸುವವರೆಗೆ ಗುತ್ತಿಗೆಯಿಂದ ಆರಂಭಿಸುವುದು ನನಗೆ ಸರಿಯೆನಿಸುತ್ತದೆ.